ಬೆಸ ವರ್ಷದ ಚಿಟ್ಟೆ

ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವವರ ಸಾಲಿನಲ್ಲಿ ಗುಮಾಸ್ತನಿಗೆ ಮೊದಲ ಕುರ್ಚಿಯನ್ನೇ ಕೊಡಬೇಕು. ವಸ್ತುಸಂಗ್ರಹಾಲಯದಲ್ಲಿ ಕೆಲಸಕ್ಕೆ ಸೇರಿದ ಒಂಬತ್ತನೆಯ ದಿನ, ಕೀಟ ವಿಭಾಗದ ಪಟ್ಟಿ ತಾಳೆ ನೋಡಿಕೊಂಡು ಬಾ ಎಂದು ಅವನನ್ನು ಎರಡನೆಯ ಮಹಡಿಗೆ ಅಟ್ಟಿದರು. ಅರವತ್ತನೆಯ ಡ್ರಾಯರ್‌ವರೆಗೆ ಎಲ್ಲ ಸರಿಯಾಗಿತ್ತು. ನೀಲಿ, ಹಳದಿ, ಬೆಂಕಿಕೆಂಪು, ಕನ್ನಡಿಯಂತೆ ಹೊಳೆಯುವ ಹಸಿರು. ಅರವತ್ತೊಂದನೆಯದನ್ನು ಎಳೆದ. ಒಳಗೆ ನೂರ ಹದಿನೆಂಟು ಚಿಟ್ಟೆಗಳು, ಎಲ್ಲವೂ ಕಂದು. ಸೋಸಿ ಬಿಸಾಡಿದ ಚಹಾಪುಡಿಯ ಕಂದು. ಪಕ್ಕದಲ್ಲೇ ಕಿಟಕಿ, ಕಿಟಕಿಯಲ್ಲಿ ಬಿಸಿಲು. ಮಿಕ್ಕಿದ್ದನ್ನು ಅವನ ಬುದ್ಧಿಯೇ ಪೂರೈಸಿಕೊಂಡಿತು. ದುಂಡು ಅಕ್ಷರದಲ್ಲಿ ಬರೆದ: 'ಡ್ರಾಯರ್ ೬೧. ಬಣ್ಣ ಹೋದ ಚಿಟ್ಟೆಗಳು ೧೧೮. ವಿಲೇವಾರಿಗೆ ಯೋಗ್ಯ. ಬದಲಿಗೆ ಒಳ್ಳೆಯ ಬಣ್ಣದವನ್ನು ತರಿಸಬಹುದು.'

ಮರುದಿನ ಬೆಳಿಗ್ಗೆ ಆ ಹಾಳೆ ಅವನ ಮೇಜಿಗೆ ವಾಪಸು ಬಂದಿತ್ತು. ಕೆಳಗೆ ಸಾಸಿವೆಯಂಥ ಅಕ್ಷರದಲ್ಲಿ ಒಂದೇ ಸಾಲು: 'ಬಣ್ಣ ಹೋಗಿಲ್ಲ. ಇರುವುದೇ ಇಷ್ಟು.'

ಸುಮ್ಮನಿದ್ದರೆ ಮರ್ಯಾದೆ ಉಳಿಯುತ್ತಿತ್ತು. ಅವನು ಮೆಟ್ಟಿಲು ಹತ್ತಿ ಹೋಗಿ ವಾದಕ್ಕೆ ನಿಂತ.

"ಅಕ್ಕಾ, ಬಿಸಿಲಿಗೇನಾದ್ರೂ ಇಟ್ಟಿದ್ರಾ ಅಂತ..."

ಚಿಮಟದಲ್ಲಿ ಹಿಡಿದ ಜೀರುಂಡೆಯ ಕಾಲಿನಿಂದ ಕಣ್ಣು ತೆಗೆಯದೆ ಆಕೆ ಅಂದರು: "ನಿನ್ನ ಅಂಗಿಯಷ್ಟು ಹೋಗಿಲ್ಲ ಕಣಪ್ಪ."

ಹೀಗೆ ಸೂಜಿಯಕ್ಕನ ಪರಿಚಯವಾಯಿತು.

ಮುಖ್ಯಸ್ಥರಿಂದ ಹಿಡಿದು ಗೇಟಿನ ಕಾವಲುಗಾರನವರೆಗೆ ಎಲ್ಲರಿಗೂ ಆಕೆ ಸೂಜಿಯಕ್ಕ. ಮೂವತ್ತಾರು ವರ್ಷದ ಹಿಂದೆ ಇದೇ ಕಟ್ಟಡಕ್ಕೆ ಕಸ ಗುಡಿಸಲು ದಿನಗೂಲಿಯ ಮೇಲೆ ಬಂದವರು. ಒಂದು ದಿನ ಪೊರಕೆಗೆ ಸಿಕ್ಕಿದ ಮುರಿದ ರೆಕ್ಕೆಯೊಂದನ್ನು ಕಸಕ್ಕೆ ಹಾಕದೆ, ಉಗುರಿನ ತುದಿಯಲ್ಲಿ ಎತ್ತಿ ತಂದು ಹಳೆಯ ಮುಖ್ಯಸ್ಥರ ಮೇಜಿನ ಮೇಲೆ ಇಟ್ಟರಂತೆ. ರೆಕ್ಕೆಯ ಪುಡಿ ಒಂದು ಕಣವೂ ಉದುರಿರಲಿಲ್ಲ. ದೊಡ್ಡವರು ರೆಕ್ಕೆ ನೋಡಲಿಲ್ಲ, ಕೈ ನೋಡಿದರು. "ನಾಳೆಯಿಂದ ಪೊರಕೆ ಬೇರೆಯವರು ಹಿಡೀಲಿ" ಅಂದರು.

ಆ ಕೈಗಳನ್ನು ಗುಮಾಸ್ತ ಮುಂದೆ ಎಷ್ಟೋ ಮಧ್ಯಾಹ್ನ ನೋಡುತ್ತ ಕೂತಿದ್ದಾನೆ. ಕೆಳಗೆ ತನ್ನ ಮೇಜಿನ ಮೇಲೆ ಕಡತಗಳು ಗುಡ್ಡೆ ಬಿದ್ದಿರುವಾಗ ಮೇಲೆ ಹೋಗಿ ಕೂರುವುದು ಅವನ ಅಭ್ಯಾಸವಾಗಿತ್ತು. ಒಣಗಿ ಸೆಟೆದ ಹುಳುವನ್ನು ಅಕ್ಕ ಮೊದಲು ಒದ್ದೆ ಮರಳಿನ ಡಬ್ಬಿಯಲ್ಲಿ ಎರಡು ದಿನ ಮಲಗಿಸುತ್ತಾರೆ. ಮೆತ್ತಗಾದ ಮೇಲೆ ಎದೆಯ ಮಧ್ಯಕ್ಕೆ ಸೂಜಿ ಚುಚ್ಚಿ, ನಡುವೆ ಕಾಲುವೆಯಂತೆ ಕೊರೆದ ಹಲಗೆಯಲ್ಲಿ ಕೂರಿಸಿ, ಕಾಗದದ ಪಟ್ಟಿಯಿಂದ ರೆಕ್ಕೆಗಳನ್ನು ಒತ್ತಿ ಹಿಡಿಯುತ್ತಾರೆ. ಒಣಗಿದ ಮೇಲೆ ಅದೇ ಸೂಜಿಗೆ ಕೆಳಗಿನಿಂದ ಒಂದು ಚೀಟಿ: ಎಲ್ಲಿ ಸಿಕ್ಕಿತು, ಎಷ್ಟು ಎತ್ತರದಲ್ಲಿ, ಯಾವ ದಿನ, ಹಿಡಿದವರು ಯಾರು. ಚೀಟಿ ಹೆಬ್ಬೆರಳಿನ ಉಗುರಿನಷ್ಟೇ. ಬರೆಯುವಾಗ ಅಕ್ಕ ಉಸಿರು ಹಿಡಿಯುತ್ತಿದ್ದರು.

"ಚೀಟಿ ಇದ್ರೆ ಚಿಟ್ಟೆ, ಇಲ್ದಿದ್ರೆ ಕಸ" ಅನ್ನುತ್ತಿದ್ದರು. "ಕಸ ಗುಡಿಸಿದವಳು ನಾನು, ನಂಗೆ ಗೊತ್ತು."

ಅರವತ್ತೊಂದನೆಯ ಡ್ರಾಯರ್ ಮಾತ್ರ ಪೂರ್ತಿ ಅಕ್ಕನದೇ. ಅದರಲ್ಲಿರುವುದು ಬೆಟ್ಟದ ಕಂದು ಎಂಬ ಒಂದೇ ಜಾತಿ. ಊರಿನ ಯಾವ ಮಾಳಿಗೆಯಿಂದ ನೋಡಿದರೂ ಕಾಣುವ ದೊಡ್ಡ ಬೆಟ್ಟದಲ್ಲಿ, ಮರಗಳು ಮುಗಿದು ಬರೀ ಹುಲ್ಲು ಮತ್ತು ಕಲ್ಲು ಉಳಿಯುವ ಎತ್ತರದಲ್ಲಿ, ಒಂದೇ ಒಂದು ಇಳಿಜಾರಿನಲ್ಲಿ ಇರುವ ಚಿಟ್ಟೆ. ಹತ್ತಿರ ಹಿಡಿದು ನೋಡಿದರೆ ರೆಕ್ಕೆಯ ಅಂಚಿಗೆ ತುಕ್ಕಿನ ಬಣ್ಣದ ಒಂದು ಪಟ್ಟೆ, ಅದರೊಳಗೆ ಸೂಜಿಮೊನೆಯಷ್ಟು ಕಪ್ಪು ಚುಕ್ಕೆಗಳು. ಬಿಸಿಲು ಇದ್ದರೆ ಮಾತ್ರ ಹಾರುತ್ತದೆ. ಮೋಡ ಬಂತೋ, ಇದ್ದಲ್ಲೇ ಹುಲ್ಲಿಗೆ ಬೀಳುತ್ತದೆ, ಕಾಲಡಿಗೇ ಬಿದ್ದರೂ ಕಾಣುವುದಿಲ್ಲ. ಆ ಚಳಿಯಲ್ಲಿ ಸಿಗುವ ಚೂರುಪಾರು ಬಿಸಿಲನ್ನು ಹೀರಿಕೊಳ್ಳಲು ಅದಕ್ಕೆ ಕಂದು ಬಣ್ಣವೇ ಬೇಕು.

"ಚೆಂದ ಇರೋಕೆ ಕೆಳಗಿನವಕ್ಕೆ ಪುರುಸೊತ್ತಿದೆ. ಇದಕ್ಕೆ ಬದುಕೋದೇ ಕೆಲಸ" ಅಂದಿದ್ದರು ಅಕ್ಕ, ಒಮ್ಮೆ.

ಗುಮಾಸ್ತನ ಮೊದಲ ಬೇಸಿಗೆ ಮುಗಿಯುವ ಹೊತ್ತಿಗೆ ಸುದ್ದಿ ಬಂತು. ಆ ಇಳಿಜಾರಿನ ಮೇಲೆ ರೋಪ್‌ವೇ ಬರುತ್ತದೆ. ಕೆಳಗಿನಿಂದ ತುದಿಯವರೆಗೆ ಇಪ್ಪತ್ತೆರಡು ಕಂಬ, ತುದಿಯಲ್ಲಿ ಹೋಟೆಲು, ವಾಹನ ನಿಲ್ಲಿಸಲು ಜಾಗ. ಹಿಮ ಕರಗಿದ ಕೂಡಲೇ ಅಡಿಪಾಯ ತೋಡುತ್ತಾರೆ. ಕಾನೂನಿನ ಪ್ರಕಾರ ಕಂಪನಿಯವರು ತಜ್ಞರನ್ನು ಕರೆಸಿ ಆ ಬೇಸಿಗೆಯಲ್ಲೇ ಇಪ್ಪತ್ತು ದಿನ ಇಳಿಜಾರನ್ನು ಹುಡುಕಿಸಿದ್ದರು. ವರದಿಯಲ್ಲಿ ಬೆಟ್ಟದ ಕಂದಿನ ಎದುರಿಗೆ ಬರೆದಿತ್ತು: ಶೂನ್ಯ. ಇದ್ದದ್ದು ಅಳಿದುಹೋಗಿದೆ, ಇಲ್ಲದ್ದಕ್ಕೆ ಕಾಯುವುದು ಯಾಕೆ ಎಂದು ಕೊನೆಗೊಂದು ಮಾತು.

ಸುದ್ದಿ ಓದಿ ಅಕ್ಕ ಮೊದಲ ಬಾರಿ ಕೆಲಸದ ನಡುವೆ ಎದ್ದು ಕೆಳಮಹಡಿಗೆ ಇಳಿದು ಬಂದರು. ಮುಖ್ಯಸ್ಥರ ಕೋಣೆಗೆ ಬಾಗಿಲು ತಟ್ಟದೆಯೇ ನುಗ್ಗಿದರು.

"ಈ ವರ್ಷ ಹುಡುಕಿದ್ರೆ ಎಲ್ಲಿ ಸಿಗತ್ತೆ ಸಾರ್? ಇದು ಬೆಸ ವರ್ಷ. ಅದು ಹಾರೋದು ಸಮ ವರ್ಷ ಮಾತ್ರ."

ಮರಿಹುಳು ಚಳಿಗೆ ಎಷ್ಟು ನಿಧಾನ ಬೆಳೆಯುತ್ತದೆ ಅಂದರೆ ಹುಲ್ಲಿನ ಬುಡದಲ್ಲಿ, ಹಿಮದಡಿಯಲ್ಲಿ ಎರಡು ಚಳಿಗಾಲ ಕಳೆದ ಮೇಲೆಯೇ ಅದಕ್ಕೆ ರೆಕ್ಕೆ. ಹಾಗಾಗಿ ಒಂದು ಬೇಸಿಗೆ ಇಳಿಜಾರಿನ ತುಂಬ ಚಿಟ್ಟೆ, ಮರು ಬೇಸಿಗೆ ಒಂದೂ ಇಲ್ಲ. ಹುಳುಗಳೆಲ್ಲ ಆಗ ಹುಲ್ಲಿನೊಳಗೆ ಇರುತ್ತವೆ. ಅಕ್ಕ ಇದನ್ನು ವಿವರಿಸಿದರು. ಮುಖ್ಯಸ್ಥರು ಎದ್ದೇ ನಿಂತರು.

"ಹಾಗಾದ್ರೆ ನಮ್ಮ ಡ್ರಾಯರೇ ಸಾಕ್ಷಿ ಅಲ್ವಾ? ಚೀಟಿಗಳ ತಾರೀಕು ಪಟ್ಟಿ ಮಾಡಿಸಿದ್ರೆ ಆಯ್ತು. ರೋಪ್‌ವೇಗೆ ಒಪ್ಪಿಗೆ ಕೊಡೋ ಮುಂಚೆ ಸರ್ಕಾರದ ವಿಚಾರಣೆ ಇದೆ, ಅಲ್ಲಿ ಇಡೋಣ. ಎಲ್ಲಿ ಆ ಗುಮಾಸ್ತ?"

ಅಕ್ಕ ಏನೋ ಹೇಳಲು ಹೊರಟವರು ನಿಲ್ಲಿಸಿದರು. ಬಾಗಿಲಲ್ಲಿ ಬಂದು ನಿಂತಿದ್ದ ಗುಮಾಸ್ತ ಇದನ್ನು ನೋಡಿದ. ನೋಡಿದ ಅಷ್ಟೆ, ಅರ್ಥ ಮಾಡಿಕೊಳ್ಳುವುದು ಅವನ ಸಂಬಳದಲ್ಲಿ ಸೇರಿರಲಿಲ್ಲ.

ಎರಡು ದಿನ ಭೂತಗನ್ನಡಿ ಹಿಡಿದು ಕೂತು ನೂರ ಹದಿನೆಂಟು ಚೀಟಿ ಓದಿದ. ಸಮ, ಸಮ, ಸಮ. ಕೊನೆಯವು ಏಳು ವರ್ಷದ ಹಿಂದಿನವು, ಆಮೇಲೆ ಕೊಲ್ಲುವುದು ಬೇಡವೆಂದು ಅಕ್ಕ ಬಲೆ ಬಿಟ್ಟು ಬರೀ ಎಣಿಸಿಕೊಂಡು ಬರುತ್ತಿದ್ದರು. ಒಂದು ತಪ್ಪಿಲ್ಲ ಎಂದು ಖುಷಿಪಡುತ್ತ ಎಪ್ಪತ್ಮೂರನೆಯದಕ್ಕೆ ಬಂದ. ಬೆಸ. ಕನ್ನಡಿ ಒರೆಸಿ ಮತ್ತೆ ನೋಡಿದ. ಬೆಸವೇ. ಮೂವತ್ತೆರಡು ವರ್ಷದ ಹಿಂದಿನ ತಾರೀಕು, ಹಿಡಿದವರು: ಸ್ವತಃ ಅಕ್ಕ. ಅದೇ ಸಾಸಿವೆ ಅಕ್ಷರ.

ಅಷ್ಟಕ್ಕೇ ನಿಂತಿದ್ದರೆ ಸರಿಯಿತ್ತು. ಕಂಪನಿಯ ವರದಿಯ ಕೊನೆಯ ಪುಟ ತಿರುವಿದರೆ, ತಜ್ಞರು ಈ ಬೇಸಿಗೆಯಲ್ಲೇ ಯಾಕೆ ಹತ್ತಿದರು ಅನ್ನುವುದಕ್ಕೂ ಆಧಾರ ಕೊಟ್ಟಿದ್ದರು: ವಸ್ತುಸಂಗ್ರಹಾಲಯದ್ದೇ ಹಳೆಯ ಕೈಪಿಡಿ, ಬರೆದವರು ಹಳೆಯ ಮುಖ್ಯಸ್ಥರು. 'ಬೆಟ್ಟದ ಕಂದು ಪ್ರತಿ ಬೇಸಿಗೆಯೂ ಹಾರುತ್ತದೆ.' ಪ್ರತಿ ಬೇಸಿಗೆ ಅನ್ನುವ ಆ ಎರಡು ಪದಗಳು ಪೂರ್ತಿ ನಿಂತಿದ್ದದ್ದು ಎಪ್ಪತ್ಮೂರನೆಯ ಸೂಜಿಯ ಮೇಲೆ.

"ಅಕ್ಕಾ" ಅಂದ ಗುಮಾಸ್ತ, ಮೇಲೆ ಹೋಗಿ, ಬಾಗಿಲು ಹಾಕಿಕೊಂಡು. "ಒಂದು ಚಿಟ್ಟೆ ತಾನೆ. ನುಸಿ ತಿಂತು ಅಂತ ಬರೆದ್ರಾಯ್ತು. ನೂರ ಹದಿನೇಳು ಅಂತ ಪಟ್ಟಿ ಮಾಡ್ತೀನಿ."

ಅಕ್ಕ ಕೈಯಲ್ಲಿದ್ದ ಚಿಮಟ ಕೆಳಗಿಟ್ಟರು. "ಬಂದ ಹೊಸದರಲ್ಲಿ ಪೂರ್ತಿ ಡ್ರಾಯರ್ ಬಿಸಾಡ್ತಿದ್ದೆ. ಈಗ ಒಂದಕ್ಕೆ ಇಳಿದಿದ್ದೀಯ. ಪರವಾಗಿಲ್ಲ, ಕಲೀತಿದ್ದೀಯ" ಅಂದರು. ಆಮೇಲೆ, ಬೇರೆಯೇ ದನಿಯಲ್ಲಿ: "ನಾಳೆ ರಜಾ ಹಾಕು. ಬೆಟ್ಟಕ್ಕೆ ಹೋಗೋಣ."

ಇಲ್ಲದ ಚಿಟ್ಟೆಯನ್ನು ನೋಡಲು ಬೆಟ್ಟ ಹತ್ತಿದವನು ಎಂದು ಅವನನ್ನು ಈಗಲೂ ಕಚೇರಿಯಲ್ಲಿ ಆಡಿಕೊಳ್ಳುತ್ತಾರೆ. ಬಸ್ಸು ನಿಲ್ಲುವಲ್ಲಿಂದ ನಾಲ್ಕು ತಾಸಿನ ಹಾದಿ. ಅರವತ್ತಕ್ಕೆ ನಾಲ್ಕು ತಿಂಗಳು ಬಾಕಿಯಿರುವ ಅಕ್ಕ ಮುಂದೆ, ಇಪ್ಪತ್ತಾರರ ಗುಮಾಸ್ತ ಹಿಂದೆ, ಕಮ್ಮಾರನ ತಿದಿಯ ಹಾಗೆ ಏದುತ್ತ. ಮರಗಳು ಕುಳ್ಳಾದವು, ಆಮೇಲೆ ಇಲ್ಲವಾದವು. ಇಳಿಜಾರಿನ ತುಂಬ ಕುರುಚಲು ಹುಲ್ಲು, ಅದರ ನಡುನಡುವೆ ಕಂಪನಿಯವರು ನೆಟ್ಟ ಗೂಟಗಳು, ತುದಿಗೆ ಕೆಂಪು ಪಟ್ಟಿ. ಬಿಸಿಲು ಚೆನ್ನಾಗಿತ್ತು. ಏನೂ ಹಾರಲಿಲ್ಲ.

ಅಕ್ಕ ಮಂಡಿಯೂರಿ ಹುಲ್ಲಿನ ಬುಡ ಬಿಡಿಸಿದರು. ತಾಯಿ ಮಗುವಿನ ತಲೆಯಲ್ಲಿ ಹೇನು ನೋಡುವ ಹಾಗೆ ಒಂದೊಂದೇ ಎಳೆ ಸರಿಸಿ, ಅರ್ಧ ತಾಸು.

"ಇದೆಯಾ ಅಕ್ಕಾ?"

"ಇದೆ. ಸಿಗಲ್ಲ. ರಾತ್ರಿ ಮೇಯೋದು, ಹಗಲು ಬುಡಕ್ಕೆ ಇಳಿಯೋದು. ನಂಗೇ ಮೂವತ್ತಾರು ವರ್ಷದಲ್ಲಿ ಸಿಕ್ಕಿದ್ದು ಐದು."

ಸ್ವಲ್ಪ ಮೇಲೆ ಕುರಿಗಾಹಿಗಳು ಕಟ್ಟಿ ಬಿಟ್ಟುಹೋದ ಕಲ್ಲಿನ ಗೂಡು ಇತ್ತು. ಅದರ ಗೋಡೆಗೆ ಬೆನ್ನು ಕೊಟ್ಟು ಕೂತರು. ಅಕ್ಕ ಚೀಲದಿಂದ ನೀರು ತೆಗೆದು ಅವನಿಗೆ ಕೊಟ್ಟು, ತಾವು ಕುಡಿಯದೆ ಹೇಳತೊಡಗಿದರು.

"ಇಲ್ಲೇ ಹನ್ನೊಂದು ದಿನ ಇದ್ದೆ, ಒಬ್ಬಳೇ. ದೊಡ್ಡವರು ಕಳಿಸಿದ್ರು. ಕಾಯಂ ಮಾಡೋಕೆ ಶಿಫಾರಸು ಬರೀಬೇಕು, ಬರಿಗೈಲಿ ಬರಬೇಡ ಮಗಳೇ ಅಂದಿದ್ರು. ಮನೇಲಿ ಎಂಟು ತಿಂಗಳ ಕೂಸು, ಅತ್ತೆ ಹತ್ರ. ಎದೆ ಹಾಲು ಕಟ್ಟಿ ಕಲ್ಲಾಗಿ, ಈ ಗೋಡೆಗೆ ಒರಗಿ ಹಿಂಡಿ ಚೆಲ್ತಿದ್ದೆ. ಹನ್ನೊಂದು ದಿನ ಬಿಸಿಲು, ಒಂದು ಚಿಟ್ಟೆ ಇಲ್ಲ. ಬಲೆ ಹಿಡಿಯೋಕೆ ನನಗೇ ಬರಲ್ಲ ಅಂದ್ಕೊಂಡೆ."

ಗುಮಾಸ್ತ ನೀರಿನ ಬಾಟಲಿಯ ಮುಚ್ಚಳ ತಿರುಗಿಸುತ್ತ ಕೂತ.

"ವಾಪಸ್ ಹೋದೆ. ಹಿಂದಿನ ವರ್ಷ ಹಿಡಿದಿದ್ದರಲ್ಲಿ ಒಂದು ಕಾಗದದ ಮಡಿಕೇಲಿ ಉಳಿದಿತ್ತು, ಚೀಟಿ ಆಗಿರಲಿಲ್ಲ. ಮರಳಲ್ಲಿ ಮೆತ್ತಗೆ ಮಾಡಿದೆ. ರೆಕ್ಕೆ ಬಿಡಿಸಿದೆ. ಆ ವರ್ಷದ ತಾರೀಕು ಬರೆದೆ. ಕೈ ನಡುಗಲಿಲ್ಲ ಕಣೋ. ಅದೇ ಈಗ ನೆನಸ್ಕೊಂಡ್ರೆ ಭಯ ಆಗೋದು, ನಡುಗಲೇ ಇಲ್ಲ. ಮುಂದಿನ ತಿಂಗಳು ಕಾಯಂ ಆಯ್ತು."

"ದೊಡ್ಡವರಿಗೆ ಗೊತ್ತಾಗಲಿಲ್ವಾ?"

"ನನ್ನ ಕೈ ನಂಬಿದ್ರು ಅವರು. ನಂಬಿ ಪುಸ್ತಕದಲ್ಲಿ ಬರೆದ್ರು. ಇದು ವರ್ಷ ಬಿಟ್ಟು ವರ್ಷ ಹಾರತ್ತೆ ಅಂತ ನಂಗೆ ಹೊಳೆಯೋ ಹೊತ್ತಿಗೆ ಇನ್ನೊಂದು ಆರು ವರ್ಷ ಆಗಿತ್ತು. ಪುಸ್ತಕ ಅಚ್ಚಾಗಿತ್ತು. ಹೇಳೋಣ ಅಂತ ಎರಡು ಸಲ ಬಾಗಿಲ ತನಕ ಹೋದೆ. ಅಷ್ಟರಲ್ಲಿ ಅವರು ತೀರಿಕೊಂಡ್ರು."

ಎಲ್ಲೋ ಒಂದು ದಾರಿ ತಪ್ಪಿದ ಚಿಟ್ಟೆ ಬೆಸ ವರ್ಷದಲ್ಲಿ ಬಂದಿತ್ತು ಎಂದು ಹೇಳಿಬಿಡಿ, ಯಾರಿಗೆ ಗೊತ್ತಾಗುತ್ತದೆ ಎಂದ ಗುಮಾಸ್ತ. ಒಳ್ಳೆಯ ಸಲಹೆ ಎಂದೇ ಅವನಿಗೆ ಅನ್ನಿಸಿತ್ತು.

"ಹೇಳಬಹುದು. ಆಗ ಕಂಪನಿಯವರು, ಒಂದು ಬಂದಿತ್ತಲ್ಲ, ಇನ್ನೊಂದು ಯಾಕೆ ಬರಲಿಲ್ಲ ಅಂತಾರೆ. ಪುಸ್ತಕ ಸರಿ, ಡ್ರಾಯರ್ ತಪ್ಪು ಅಂತಾರೆ." ಅಕ್ಕ ಗೂಟಗಳ ಕಡೆ ಕೈ ತೋರಿಸಿದರು. "ಇವರು ತಪ್ಪು ವರ್ಷ ಹತ್ತಿದ್ದಾರೆ ಅಂತ ಬಯ್ದೆನಲ್ಲ ಮೊನ್ನೆ, ಇವರನ್ನ ತಪ್ಪು ವರ್ಷ ಹತ್ತಿಸಿದವಳು ನಾನೇ."

ಇಳಿಯುವಾಗಲೂ ಅಕ್ಕನೇ ಮುಂದೆ.

ವಿಚಾರಣೆಗೆ ಹಿಂದಿನ ಭಾನುವಾರ ಪಟ್ಟಿಯ ಪ್ರತಿ ಕೊಡಲು ಅವನು ಅಕ್ಕನ ಮನೆಗೆ ಹೋದ. ಮೂರನೆಯ ಅಂತಸ್ತಿನಲ್ಲಿ ಎರಡು ಕೋಣೆ. ಬಾಲ್ಕನಿಯಲ್ಲಿ ಒಣಗಲು ಹಾಕಿದ ನರ್ಸಿನ ಬಿಳಿ ಬಟ್ಟೆ ಮಗಳದು. ಕಿಟಕಿಯ ಬಳಿ ಕುರ್ಚಿಯಲ್ಲಿ ಕಾಲು ನೀಡಿ ಕೂತವರು ಅಕ್ಕನ ಗಂಡ, ನಿವೃತ್ತ ಬಸ್ ಚಾಲಕರು. ಕೂತಲ್ಲೇ ಬಲಗಾಲು ಆಗಾಗ ಬ್ರೇಕು ಒತ್ತುತ್ತಿತ್ತು.

"ಬಾ ತಮ್ಮಾ. ಕೂತ್ಕೋ. ಇಲ್ಲಿ ಅಮ್ಮ ಮಗಳ ಯುದ್ಧ ನಡೀತಿದೆ, ಟಿಕೆಟ್ ಇಲ್ಲ."

ಮಗಳು ಇಸ್ತ್ರಿ ಮಾಡುತ್ತ ನಿಂತಿದ್ದಳು. "ನೀವಾದ್ರೂ ಹೇಳ್ರೀ ಇವರಿಗೆ. ರಿಟೈರ್ ಆಗೋ ತನಕ ನಾಲ್ಕು ತಿಂಗಳು ಬಾಯಿ ಮುಚ್ಕೊಂಡು ಇರೋಕಾಗಲ್ವಾ? ವಿಚಾರಣೆ ಕಮಿಷನ್ ಅಂತ ಕೂರಿಸಿದ್ರೆ ಪಿಂಚಣಿ ಗತಿ ಏನು? ಕೆಲಸ ಸಿಕ್ಕಿದ್ದೇ ಸುಳ್ಳಿಂದ ಅಂತ ಜನ ಆಡ್ಕೊಳ್ಳಲ್ವಾ? ಒಂದು ಹುಳಕ್ಕೋಸ್ಕರ!"

"ಆ ಕೆಲಸದಲ್ಲೇ ನೀನು ಓದಿದ್ದು" ಅಂದರು ಅಕ್ಕ.

"ಅದಕ್ಕೇ ಹೇಳ್ತಿರೋದು ಅಮ್ಮ! ನನಗೋಸ್ಕರ ಮಾಡಿದ್ದನ್ನ ಈಗ ಊರ ಮುಂದೆ ತಪ್ಪು ಅಂತೀಯಲ್ಲ, ನನಗೆ ಹೇಗಾಗಬೇಡ?"

ಇಸ್ತ್ರಿ ಪೆಟ್ಟಿಗೆ ನಿಂತಲ್ಲೇ ನಿಂತಿತು. ಬಟ್ಟೆ ಸುಡುವ ವಾಸನೆ ಬಂದ ಮೇಲೆ ಅವಳು ಎತ್ತಿದಳು.

"ಭಾವ, ನೀವೇನಂತೀರಿ?" ಎಂದ ಗುಮಾಸ್ತ, ಮಾತು ಬದಲಾಗಲಿ ಎಂದು.

ಅವರು ಕಾಲಿನ ಬ್ರೇಕು ಬಿಟ್ಟರು. "ನಾನೇನು ಓದಿದೋನಲ್ಲ. ಗಾಡಿ ಎಲ್ಲಾದ್ರೂ ತಾಗಿದ್ರೆ ನಿಲ್ಲಿಸಿ ಇಳಿದು ನೋಡಬೇಕು. ಓಡಿಸ್ಕೊಂಡು ಹೋದ್ರೆ ಅದು ಬೇರೆ ಕೇಸು. ಇವಳು ಮೂವತ್ತೆರಡು ವರ್ಷ ಓಡಿಸಿದ್ದಾಳೆ, ನನಗೂ ಹೇಳದೆ." ಹೆಂಡತಿಯ ಕಡೆ ತಿರುಗಿದರು. "ನನಗೆ ಸಿಟ್ಟು ಅದಕ್ಕೆ. ಹುಳದ ವಿಷಯಕ್ಕಲ್ಲ."

ಮುಖ್ಯಸ್ಥರಿಗೂ ಅಕ್ಕ ಮುಂಚೆಯೇ ಹೇಳಿದ್ದರು. ಅವರು ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿ, ಮತ್ತೆ ತೆಗೆದರು. ಸಂಸ್ಥೆಯ ಮಾನ ಅಂದರು. ಒಂದು ಚೀಟಿ ಸುಳ್ಳು ಅಂದರೆ ಉಳಿದ ನಲವತ್ತು ಸಾವಿರ ಚೀಟಿಯನ್ನು ಯಾರು ನಂಬುತ್ತಾರೆ ಅಂದರು. ಆ ಮಾತಿನಲ್ಲಿ ನಿಜ ಇತ್ತು, ಅದಕ್ಕೇ ಅಕ್ಕ ಅಂದು ಸಂಜೆಯವರೆಗೆ ಒಂದೂ ಸೂಜಿ ಮುಟ್ಟಲಿಲ್ಲ. ಕೊನೆಗೆ ಮುಖ್ಯಸ್ಥರು, ನಾನು ಕಳಿಸುವುದಿಲ್ಲ, ತಡೆಯುವುದೂ ಇಲ್ಲ ಎಂದು ಸಾಕ್ಷಿ ಹೇಳಲು ಅಕ್ಕ ಬರೆದಿದ್ದ ಅರ್ಜಿಯ ಮೂಲೆಯಲ್ಲಿ 'ನೋಡಿದೆ' ಅಂತಷ್ಟೇ ಬರೆದರು.

ವಿಚಾರಣೆ ನಡೆದದ್ದು ಸರ್ಕಾರಿ ಕಟ್ಟಡದ ಉದ್ದ ಕೋಣೆಯಲ್ಲಿ, ಬೆಳಗಿನ ಹನ್ನೊಂದಕ್ಕೆ. ಎದುರಿಗೆ ಮೂವರು ಸದಸ್ಯರು, ನಡುವೆ ಅಧ್ಯಕ್ಷೆ. ಹಿಂದಿನ ಸಾಲಿನಲ್ಲಿ ಬೆಟ್ಟದ ಬುಡದ ಜನ ಹತ್ತಾರು ಮಂದಿ, ರೋಪ್‌ವೇ ಬಂದರೆ ಕೆಲಸ ಸಿಗುತ್ತದೆ ಎಂದು ಬಂದವರು. ಗುಮಾಸ್ತನ ತೊಡೆಯ ಮೇಲೆ ಗಾಜಿನ ಮುಚ್ಚಳದ ಪೆಟ್ಟಿಗೆ, ಅದರಲ್ಲಿ ಎಪ್ಪತ್ಮೂರನೆಯ ಚಿಟ್ಟೆ. ಬಸ್ಸಿನಲ್ಲಿ ಅದನ್ನು ಹಿಡಿದುಕೊಂಡು ಬರುವಾಗ ಅವನು ಯಾರ ಮೈಯೂ ತಾಗದಂತೆ ನಿಂತಿದ್ದ ಭಂಗಿ ನೋಡಿ ಕಂಡಕ್ಟರು, ಒಳಗೆ ಬಾಂಬಾ ಎಂದು ಕೇಳಿದ್ದ.

ಅಕ್ಕ ಎದ್ದು ನಿಂತು ಹೇಳಿದರು. ಗೂಡಿನ ಬಳಿ ಹೇಳಿದ್ದನ್ನೇ, ಹಾಲಿನ ವಿಷಯ ಬಿಟ್ಟು. ಮಗುವಿನ ವಿಷಯವನ್ನೂ ಬಿಟ್ಟರು. ನೌಕರಿಗಾಗಿ ಮಾಡಿದೆ ಎಂದಷ್ಟೇ ಅಂದರು. ಪುಸ್ತಕದ ಸಾಲು ತಪ್ಪು, ಅದಕ್ಕೆ ಕಾರಣ ದೊಡ್ಡವರಲ್ಲ, ನಾನು ಅಂದರು. ಕೆಲಸ ಶುರುಮಾಡುವುದನ್ನು ಒಂದು ಬೇಸಿಗೆ ಮುಂದೂಡಿ ಎಂದು ಕೇಳಿದರು.

ಹಿಂದಿನ ಸಾಲಿನಿಂದ ಯಾರೋ, "ಚಿಟ್ಟೆಗೆ ಕಾಯಂ ಕೆಲಸ, ನಮಗೆ ಕಾಯೋ ಕೆಲಸ" ಅಂದರು. ನಗು ಎದ್ದಿತು. ಅಕ್ಕ ತಿರುಗಿ ಅವರನ್ನು ನೋಡಿದರು. ದಿನಗೂಲಿ ಅಂದರೇನು ಎಂದು ಆ ಕೋಣೆಯಲ್ಲಿ ಅವರಿಗಿಂತ ಚೆನ್ನಾಗಿ ಬಲ್ಲವರು ಇರಲಿಲ್ಲ.

ಕಂಪನಿಯ ವಕೀಲರು ಬೆಣ್ಣೆಯಿಂದ ಕೂದಲು ತೆಗೆಯುವ ಜಾತಿಯವರು. ದನಿ ಏರಿಸಲೇ ಇಲ್ಲ. ಪೆಟ್ಟಿಗೆ ತರಿಸಿ, ಚಿಟ್ಟೆಯನ್ನು ನೋಡಿ, ಚೆನ್ನಾಗಿದೆ ಎಂದರು.

"ಈ ಚೀಟಿ ನಿಮ್ಮ ಅಕ್ಷರ?"

"ಹೌದು."

"ಆಮೇಲಿನ ಚೀಟಿಗಳೂ ನಿಮ್ಮ ಅಕ್ಷರವೇ?"

"ಹೌದು."

"ಕೊನೆಯ ಏಳು ವರ್ಷದ ಎಣಿಕೆ, ನಿಮ್ಮ ಸ್ವಂತ ನೋಟ್‌ಬುಕ್ಕು. ಸಾಕ್ಷಿಗೆ ಬೇರೆ ಯಾರಾದರೂ ಇದ್ದರಾ?"

"ಇಲ್ಲ. ಒಬ್ಬಳೇ ಹೋಗ್ತಿದ್ದೆ."

"ನಿಮ್ಮ ಪ್ರಾಮಾಣಿಕತೆಗೆ ನಮಸ್ಕಾರ ಅಮ್ಮ." ವಕೀಲರು ನಿಜಕ್ಕೂ ತಲೆ ಬಾಗಿಸಿದರು. "ಆದರೆ ನನ್ನ ಕಷ್ಟ ನೋಡಿ. ಬೇಕಾದಾಗ ತಾರೀಕು ಬರೆದುಕೊಂಡವರು ನೀವು, ನಿಮ್ಮ ಬಾಯಿಂದಲೇ ಕೇಳಿದ್ದೇವೆ. ಅಂದು ನೌಕರಿ ಬೇಕಿತ್ತು, ಚಿಟ್ಟೆ ಇತ್ತು ಅಂದಿರಿ. ಇಂದು ಬೆಟ್ಟ ಬೇಕು, ಚಿಟ್ಟೆ ಇದೆ ಅಂತೀರಿ. ನಿಮ್ಮ ಮಾತನ್ನು ನಾವು ಯಾಕೆ ನಂಬಬೇಕು?"

ಬರೆದುಕೊಳ್ಳುತ್ತಿದ್ದವನ ಪೆನ್ನು ನಿಂತಿತು. ಗುಮಾಸ್ತನ ತಲೆಯಲ್ಲಿ ಒಂದೇ ಸಲಕ್ಕೆ ನಾಲ್ಕು ಉತ್ತರ ಎದ್ದವು: ಮೂವತ್ತಾರು ವರ್ಷದ ಸೇವೆ, ನೂರ ಹದಿನೇಳು ನಿಜವಾದ ಚೀಟಿ, ಒಪ್ಪಿಕೊಂಡರೆ ಆಗುವ ನಷ್ಟ, ಎಂಟು ತಿಂಗಳ ಕೂಸು. ಒಂದಕ್ಕಿಂತ ಒಂದು ಚೆಂದ. ಅವನು ಅಕ್ಕನ ಕಡೆ ಬಾಗಿ ಪಿಸುಗುಟ್ಟಲು ಬಾಯಿ ತೆರೆದ.

ಅಕ್ಕ ಅವನ ಕಡೆ ನೋಡಲಿಲ್ಲ.

"ನಂಬಬೇಡಿ" ಅಂದರು. "ಮುಂದಿನ ಬೇಸಿಗೆ ನೀವೇ ಹತ್ತಿ ನೋಡಿ."